ಮೊದಲ 20 ನಿಮಿಷ ಯಾರದ್ದು?

ಅಗ್ನಿಶಾಮಕ ದಳ ಅಂದ ತಕ್ಷಣ ನಮಗೆ ನೆನಪಾಗೋದು ಕೆಂಪು ಗಾಡಿ, ಗಂಟೆ ಸದ್ದು, ನೀರಿನ ಪೈಪು. ಎಲ್ಲೇ ದೊಡ್ಡ ಬೆಂಕಿ ಅನಾಹುತ ಆದರೂ ಮಾರನೇ ದಿನ ಕೇಳಿಬರುವ ಬೇಡಿಕೆ ಒಂದೇ: ನಮ್ಮೂರಿಗೂ ಒಂದು ಗಾಡಿ ಕೊಡಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಲೊಕ್ಕನಹಳ್ಳಿಯಂಥ ಕಡೆ ಗಾಡಿಯೊಂದೇ ಸಾಲದು ಅನ್ನೋದು ನನ್ನ ವಾದ.

ಲೊಕ್ಕನಹಳ್ಳಿ ಕೇಳಿರದವರಿಗೆ ಎರಡು ಮಾತು. ಇದು ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕಿನ ಹೋಬಳಿ ಕೇಂದ್ರ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಕಾಡು, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಕಾಡು. ನಡುವೆ ರಾಗಿ, ಮುಸುಕಿನ ಜೋಳದ ಹೊಲಗಳು, ಸೋಲಿಗರ ಪೋಡುಗಳು, ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪ್‌ಗಳು. ಫೆಬ್ರವರಿ ಬಂತು ಅಂದ್ರೆ ಕಾಡಿನ ತರಗೂ ಒಣಗಿರುತ್ತೆ, ಮನೆ ಪಕ್ಕದ ಹುಲ್ಲಿನ ಮೆದೆಯೂ ಒಣಗಿರುತ್ತೆ.

ಈಗ ಸ್ವಲ್ಪ ಲೆಕ್ಕ. ಹಳ್ಳಿಗಳಿಗೆ 20 ನಿಮಿಷದೊಳಗೆ ಗಾಡಿ ತಲುಪಬೇಕು ಅನ್ನೋದು ನಮ್ಮ ದೇಶದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿಯ ಮಾನದಂಡ. ನೀರು ತುಂಬಿದ ಗಾಡಿ ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ ಹೋಯ್ತು ಅಂತಿಟ್ಟುಕೊಳ್ಳಿ. 20 ನಿಮಿಷಕ್ಕೆ 13 ಕಿ.ಮೀ. ಚಿಲ್ಲರೆ ಅಷ್ಟೆ. ಕೊಳ್ಳೇಗಾಲದಿಂದ ಹೊರಟ ಗಾಡಿ ಅಷ್ಟರಲ್ಲಿ ಲೊಕ್ಕನಹಳ್ಳಿ ಮುಟ್ಟಲ್ಲ, ಅದರಾಚೆಯ ಪೋಡಂತೂ ದೂರದ ಮಾತು. ಮುಟ್ಟಿದ ಮೇಲೂ ಲೆಕ್ಕ ಮುಗಿಯಲ್ಲ. ಗಾಡಿಯಲ್ಲಿ 4,500 ಲೀಟರ್ ನೀರಿದ್ದು, ನಿಮಿಷಕ್ಕೆ 450 ಲೀಟರ್ ಬಿಟ್ಟರೆ 10 ನಿಮಿಷಕ್ಕೆ ಟ್ಯಾಂಕ್ ಖಾಲಿ. ಆಮೇಲೆ ನೀರು ಎಲ್ಲಿ ತುಂಬಿಸೋದು? ಏಪ್ರಿಲ್‌ನಲ್ಲಿ ಯಾವ ಕಟ್ಟೆಯಲ್ಲಿ ನೀರಿರುತ್ತೆ, ಯಾರ ಬೋರ್‌ವೆಲ್ ಓಡುತ್ತೆ, ಆಗ ತ್ರೀ ಫೇಸ್ ಕರೆಂಟ್ ಇರುತ್ತಾ?

ಅಂದ್ರೆ ಮೊದಲ 20 ನಿಮಿಷ ಬೆಂಕಿ ಎದುರು ನಿಲ್ಲೋರು ಊರಿನ ಜನ ಮಾತ್ರ. ಯೋಜನೆ ಅಂತ ಮಾಡೋದಾದ್ರೆ ಮೊದಲು ಆ 20 ನಿಮಿಷಕ್ಕೆ ಮಾಡಬೇಕು.

ಇದೇನೂ ಹೊಸ ಐಡಿಯಾ ಅಲ್ಲ. ಇಂಗ್ಲೆಂಡಿನಲ್ಲಿ ಪ್ರತಿ ಅಗ್ನಿಶಾಮಕ ಸಂಸ್ಥೆಯೂ ತನ್ನ ವ್ಯಾಪ್ತಿಯ ಅಪಾಯಗಳನ್ನು ಪಟ್ಟಿ ಮಾಡಿ, ಯೋಜನೆ ಬರೆದು, ಜನರ ಅಭಿಪ್ರಾಯ ಕೇಳಿ ಪ್ರಕಟಿಸಬೇಕು. ಬೆಂಕಿ ಆರಿಸೋದರ ಜೊತೆಗೆ ಬೆಂಕಿ ಬೀಳದ ಹಾಗೆ ನೋಡಿಕೊಳ್ಳೋದೂ ಅವರ ಕೆಲಸದ ಭಾಗ. ನಮ್ಮಲ್ಲೂ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ವರ್ಷಕ್ಕೊಮ್ಮೆ ಪರಿಶೀಲನೆ ಆಗಬೇಕು. ಕಾನೂನು ಜಿಲ್ಲೆಯ ಮಟ್ಟದಲ್ಲಿದೆ, ಬೆಂಕಿ ಮಾತ್ರ ಪೋಡಿನ ಮಟ್ಟದಲ್ಲಿ ಹತ್ತುತ್ತೆ. ಈ ಅಂತರ ತುಂಬೋದು ಹೋಬಳಿ ಮಟ್ಟದ ಯೋಜನೆ.

ಇಲ್ಲಿ ಸೋಲಿಗರ ಮಾತು ಬರಲೇಬೇಕು. ಹಿಂದೆ ಅವರು ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ಎಲೆಗಳಿಗೆ ಸಣ್ಣಗೆ ಬೆಂಕಿ ಕೊಡ್ತಿದ್ರು. ಅದಕ್ಕೆ ಅವರ ಹೆಸರು ‘ತರಗು ಬೆಂಕಿ’. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ವನ್ಯಜೀವಿಧಾಮ ಆದ ಮೇಲೆ ಅದಕ್ಕೆ ತಡೆ ಬಿತ್ತು. ತರಗು ಬೆಂಕಿ ನಿಂತಿದ್ದರಿಂದಲೇ ಲಂಟಾನ ಹೆಚ್ಚಿತು ಅಂತಾರೆ ಸೋಲಿಗರು. 1997ರಿಂದ 2008ರ ನಡುವೆ ಅಲ್ಲಿ ಲಂಟಾನದ ಸಾಂದ್ರತೆ ಸುಮಾರು ನಾಲ್ಕು ಪಟ್ಟು ಏರಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಒಣಗಿದ ಲಂಟಾನ ಏಣಿ ಇದ್ದ ಹಾಗೆ, ನೆಲದ ಬೆಂಕಿಯನ್ನು ಮರದ ತುದಿಗೆ ಹತ್ತಿಸುತ್ತೆ.

ಬೆಂಕಿ ಕೊಟ್ಟರೆ ಲಂಟಾನ ಇನ್ನೂ ಚಿಗುರುತ್ತೆ ಅನ್ನುವ ವಿಜ್ಞಾನಿಗಳೂ ಇದ್ದಾರೆ. ಆ ಚರ್ಚೆ ನಡೆಯಲಿ. ನಾಳೆಯಿಂದಲೇ ಎಲ್ಲರೂ ಕಡ್ಡಿ ಗೀರಲಿ ಅಂತ ನಾನು ಹೇಳ್ತಿಲ್ಲ. ಗಾಳಿ ಯಾವ ತಿಂಗಳು ಯಾವ ಕಡೆಗೆ ತಿರುಗುತ್ತೆ ಅಂತ ಬಲ್ಲವರನ್ನು ಬೇಸಿಗೆ ನಾಲ್ಕು ತಿಂಗಳು ಫೈರ್ ವಾಚರ್ ಅಂತ ದಿನಗೂಲಿಗೆ ಕರೆಯೋದು, ಯೋಜನೆ ಬರೆಯುವಾಗ ಮಾತ್ರ ಕರೆಯದೇ ಇರೋದು ಸರಿಯಲ್ಲ ಅಂತಿದ್ದೀನಿ. 2011ರಲ್ಲಿ ಇದೇ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡಿದು ಕುರ್ಚಿ, ಮೇಜು ಮಾಡುವ ಕೆಲಸವೂ ನಡೆದಿದೆ. ಉರಿಯುವ ಸರಕು ಕಡಿಮೆ ಆಗೋದು, ಕೈಗೆ ಕಾಸು ಬರೋದು ಎರಡೂ ಒಟ್ಟಿಗೆ.

ಹೋಬಳಿ ಯೋಜನೆ ದೊಡ್ಡ ಪುಸ್ತಕ ಆಗಬೇಕಿಲ್ಲ. ಬೇಸಿಗೆಯಲ್ಲೂ ನೀರು ಸಿಗುವ ಜಾಗಗಳ ನಕ್ಷೆ. ಜೋತುಬಿದ್ದ ಕರೆಂಟ್ ತಂತಿಗಳ ಪಟ್ಟಿ, ಯಾಕಂದ್ರೆ ಹುಲ್ಲು ಹೇರಿದ ಟ್ರ್ಯಾಕ್ಟರ್ ಅವಕ್ಕೆ ತಗುಲಿದರೆ ಮುಗೀತು. ಮೆದೆಗೂ ಮನೆಗೂ ನಡುವೆ ಬಿಡಬೇಕಾದ ಜಾಗ. ಒಬ್ಬರೇ ಇರುವ ವಯಸ್ಸಾದವರ ಮನೆಗಳು. 112ಕ್ಕೆ ಕರೆ ಮಾಡಲು ಸಿಗ್ನಲ್ ಸಿಗದ ಪೋಡುಗಳು. ಪ್ರತಿ ಊರಲ್ಲಿ ತರಬೇತಿ ಪಡೆದ ನಾಲ್ಕೈದು ಜನ. ಜನವರಿ ಒಳಗೆ ಇಷ್ಟು ಪಂಚಾಯಿತಿ ಗೋಡೆ ಮೇಲಿದ್ದರೆ ಸಾಕು.

ಇದರಲ್ಲಿ ನಮ್ಮ ಕೈಲಾಗೋದೂ ಇದೆ. ಉಪಗ್ರಹದ ಬೆಂಕಿ ಎಚ್ಚರಿಕೆ ನೋಡೋದು 375 ಮೀಟರ್‌ನ ಚೌಕಗಳಲ್ಲಿ, ಅದೂ ದಿನಕ್ಕೆ ಕೆಲವೇ ಸಲ. ಒಂದು ಮೆದೆಯ ಬೆಂಕಿ ಅದಕ್ಕೆ ಕಾಣೋದು ಕಷ್ಟ. ಅದನ್ನು ಕಾಣೋದು ಪಕ್ಕದ ಮನೆಯವರಿಗೆ. ಮಿನಿ ಪ್ರಾಜೆಕ್ಟ್‌ಗೆ ಅಂತ ಹಳೇ ರಿಪೋರ್ಟ್ ಹುಡುಕೋ ಬದಲು ಸಿವಿಲ್‌ನವರು, ಎಲೆಕ್ಟ್ರಿಕಲ್‌ನವರು, ಸಿ.ಎಸ್.ನವರು ಸೇರಿ ಒಂದು ಹೋಬಳಿಯ ನೀರು, ತಂತಿ, ರಸ್ತೆಗಳ ನಕ್ಷೆ ಮಾಡಬಹುದಲ್ವಾ? ಮಾಡಿ, ಅದನ್ನು ಪಂಚಾಯಿತಿಗೂ ಅಗ್ನಿಶಾಮಕ ಠಾಣೆಗೂ ಕೊಟ್ಟು ಬರೋಣ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ನಮ್ಮ ಹಿರಿಯರು ನಗ್ತಿದ್ರು. ಬಾವಿ ಎಲ್ಲಿದೆ ಅಂತ ಮೊದಲೇ ಗುರುತು ಮಾಡಿಡೋದಕ್ಕೆ ಕೆಂಪು ಗಾಡಿಯ ಬಜೆಟ್ ಬರೋವರೆಗೂ ಕಾಯಬೇಕಾಗಿಲ್ಲ.