ಹಳೇ ಇಂಜಿನ್ನಿಗೆ ಬೆಲೆ ಕಟ್ಟೋದು ಹೇಗೆ?

ಶಾಲೆಗಳಿಗೆ ಬೇಸಿಗೆ ರಜೆ ಶುರುವಾಯ್ತು ಅಂದ್ರೆ ನಮ್ಮ ಹರ್ನ್‌ಡನ್ ಕಡೆ ಕಾರು ಮಾರೋರು ಜಾಸ್ತಿ ಆಗ್ತಾರೆ. ಕೆಲವರು ಊರಿಗೆ ವಾಪಸ್ ಹೊರಟವರು, ಕೆಲವರು ಅಟ್ಲಾಂಟಾ, ಷಾರ್ಲಟ್ ಕಡೆ ಕೆಲಸ ಸಿಕ್ಕವರು. 2022ರ ನವೆಂಬರಿನಲ್ಲಿ ಸಿಲ್ವರ್ ಲೈನ್ ಮೆಟ್ರೋ ಹರ್ನ್‌ಡನ್ನಿಗೆ ಬಂದ ಮೇಲೆ ಎರಡನೇ ಕಾರು ಯಾಕೆ ಅನ್ನೋರೂ ಇದ್ದಾರೆ. ಎಲ್ಲರಿಗಿಂತ ಕಷ್ಟ ಕೆಲಸ ಕಳಕೊಂಡವರದು. ಎಚ್-1ಬಿ ವೀಸಾದವರಿಗೆ ಬೇರೆ ದಾರಿ ನೋಡಿಕೊಳ್ಳಲು ಹೆಚ್ಚೆಂದರೆ 60 ದಿನ. ಆ ಅವಸರದಲ್ಲಿ ಕೇಳಿದಷ್ಟಕ್ಕೆ ಕಾರು ಕೊಟ್ಟು ಹೋದವರನ್ನು ನಾವು ಕಂಡಿದ್ದೇವೆ. ಹೊಸದಾಗಿ ಬಂದು, ಹೊಳೆಯೋ ಬಣ್ಣ ನೋಡಿ ಕೊಂಡು, ಮೂರೇ ತಿಂಗಳಿಗೆ ಗ್ಯಾರೇಜು ಹತ್ತಿದವರನ್ನೂ ಕಂಡಿದ್ದೇವೆ. ಹಾಗಾಗಿ ಈ ತಿಂಗಳು ಇಂಜಿನ್ ವಿಷಯ.

ಊರಲ್ಲಿ ಮೊದಲು ಕೇಳೋದು "ಎಷ್ಟನೇ ಓನರ್?" ಅಂತ. ಇಲ್ಲಿ ಕೇಳೋದು "ಎಷ್ಟು ಮೈಲಿ?" 1,20,000 ಮೈಲಿ ಅಂದ್ರೆ ಸುಮಾರು 1,93,000 ಕಿ.ಮೀ. ಕೇಳಿ ಗಾಬರಿ ಬೇಡ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ ರಸೀದಿಗಳಿದ್ದರೆ, ಆ ಇಂಜಿನ್ನು ನಿರ್ಲಕ್ಷ್ಯಕ್ಕೆ ಒಳಗಾದ 70,000 ಮೈಲಿಯ ಇಂಜಿನ್ನಿಗಿಂತ ಮೇಲು.

ಇನ್ನೊಂದು ಮಾತು. ವರ್ಜೀನಿಯಾದ ವಾರ್ಷಿಕ ಸೇಫ್ಟಿ ಇನ್ಸ್‌ಪೆಕ್ಷನ್ ಸ್ಟಿಕರ್ ನೋಡಿ ಇಂಜಿನ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಅಲ್ಲಿ ನೋಡೋದು ಬ್ರೇಕು, ಟೈರು, ದೀಪ ಇಂಥವು. ಇಂಜಿನ್ನಿನ ಒಳಗನ್ನು ಯಾರೂ ನೋಡೋದಿಲ್ಲ.

ಕಾರು ನೋಡಲು ಹೋದಾಗ ಇಂಜಿನ್ ತಣ್ಣಗಿರಬೇಕು. ನೀವು ಬರೋ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರ್ತೀವಿ ಅನ್ನಿ. ಸ್ಟಾರ್ಟ್ ಮಾಡಿದಾಗ ಕಟಕಟ ಸದ್ದು ಬಂದು ನಿಲ್ಲದಿದ್ದರೆ ಅನುಮಾನಪಡಿ. ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಕಪ್ಪು ಹೊಗೆ ಅಂದ್ರೆ ಪೆಟ್ರೋಲು ಜಾಸ್ತಿ ಹೋಗ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಸೋರ್ತಿರಬಹುದು, ಹೆಡ್ ಗ್ಯಾಸ್ಕೆಟ್ ನೋಡಿಸಿ.

1996ರ ಮಾಡೆಲ್‌ನಿಂದೀಚೆಗಿನ ಎಲ್ಲ ಕಾರುಗಳಲ್ಲೂ ಸ್ಟೀರಿಂಗ್ ಕೆಳಗೆ ಓಬಿಡಿ-2 ಸಾಕೆಟ್ ಇರತ್ತೆ. ಸ್ಕ್ಯಾನರ್ ದುಬಾರಿಯಲ್ಲ, ಗೆಳೆಯರ ಹತ್ತಿರ ಕೇಳಿದರೂ ಸಿಗತ್ತೆ. ಕೋಡ್ ಏನೂ ಇಲ್ಲ ಅಂದ ಮಾತ್ರಕ್ಕೆ ಖುಷಿಪಡಬೇಡಿ, "ರೆಡಿನೆಸ್" ಅನ್ನೋದನ್ನೂ ನೋಡಿ. ಹಲವು ಮಾನಿಟರುಗಳು "ನಾಟ್ ರೆಡಿ" ತೋರಿಸಿದರೆ ಬ್ಯಾಟರಿ ತೆಗೆದಿರಬಹುದು, ಇಲ್ಲವೇ ಯಾರೋ ಈಚೆಗೆ ಕೋಡ್ ಅಳಿಸಿರಬಹುದು. ಆ ಸ್ಥಿತಿಯಲ್ಲಿ ನಮ್ಮ ಕಡೆ ಎರಡು ವರ್ಷಕ್ಕೊಮ್ಮೆ ಮಾಡಿಸೋ ಎಮಿಷನ್ ಟೆಸ್ಟೂ ಪಾಸಾಗೋದಿಲ್ಲ.

ನಿಜವಾದ ತೂಕ ಕಂಪ್ರೆಷನ್ ಟೆಸ್ಟಿನದು. ಎಲ್ಲ ಸಿಲಿಂಡರುಗಳ ಒತ್ತಡ ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಅತಿ ಕಡಿಮೆ ಇರೋದು ಅತಿ ಹೆಚ್ಚಿರೋದರ 75%ಕ್ಕಿಂತ ಕೆಳಗೆ ಇಳಿದರೆ ದೋಷ ಇದೆ ಅಂತ ಲೆಕ್ಕ. ಆ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ವಾಲ್ವಿನ ಕಡೆ ನೋಡಬೇಕು. ಇದನ್ನು ಮಾರೋರು ಹೇಳಿದ ಗ್ಯಾರೇಜಿನಲ್ಲಿ ಬೇಡ, ನಿಮಗೆ ಗೊತ್ತಿರೋ ಮೆಕ್ಯಾನಿಕ್ ಹತ್ತಿರ ಮಾಡಿಸಿ.

ವಿನ್ ನಂಬರನ್ನು ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಹಾಕಿದರೆ ಬಾಕಿ ಇರೋ ರೀಕಾಲ್ ಪುಕ್ಕಟೆ ತಿಳಿಯತ್ತೆ. ಉದಾಹರಣೆಗೆ, 2011ರಿಂದ 2019ರವರೆಗಿನ ಹಲವು ಹ್ಯುಂಡೈ, ಕಿಯಾ ಮಾಡೆಲ್‌ಗಳ ಥೀಟಾ-2 ಇಂಜಿನ್ನಿಗೆ ಬೇರಿಂಗ್ ತೊಂದರೆಯ ಕಾರಣ ಕೋರ್ಟಿನ ಒಪ್ಪಂದದಂತೆ ಹೆಚ್ಚುವರಿ ವಾರಂಟಿ ಇದೆ. ಷರತ್ತುಗಳಿವೆ, ಆದರೆ ಕೈ ಬದಲಾದರೂ ಅದು ಹೋಗಲ್ಲ. ಅದು ಗೊತ್ತಿಲ್ಲದೆ "ಇಂಜಿನ್ ಹೋಗಿದೆ" ಅಂತ ಗುಜರಿಗೆ ಹಾಕೋದು ನಷ್ಟ.

ಈಗ ಲೆಕ್ಕ. ಅಂಥದ್ದೇ ಕಾರು ಸುಸ್ಥಿತಿಯಲ್ಲಿ 7,000 ಡಾಲರಿಗೆ ಹೋಗತ್ತೆ, ರಿಪೇರಿಗೆ 4,000 ಆಗತ್ತೆ ಅಂತಿಟ್ಟುಕೊಳ್ಳಿ. ಉಳಿಯೋದು 3,000 ಅಲ್ಲ. ಕೊಳ್ಳೋರು ತಮ್ಮ ತೊಂದರೆ, ರಿಸ್ಕು ಅಂತ ಇನ್ನೂ 500-1,000 ಕಳೀತಾರೆ, ಅದು ನ್ಯಾಯವೇ. ರಿಪೇರಿ ಖರ್ಚೇ ಕಾರಿನ ಬೆಲೆ ದಾಟಿದರೆ ಕೈಯಿಂದ ದುಡ್ಡು ಹಾಕಬೇಡಿ, ಇದ್ದಂತೆಯೇ ಮಾರಿ. ಕೆಟ್ಟ ಇಂಜಿನ್ನಿಗೂ ಬೆಲೆಯಿದೆ. ಬಿಚ್ಚಿ ಹೊಸದು ಮಾಡೋರು ಹಳೇದನ್ನು ಕೊಂಡುಕೊಳ್ತಾರೆ. ಆದ್ದರಿಂದ ಸ್ಕ್ರ್ಯಾಪಿನವರು ಹೇಳಿದ ಮೊದಲ ರೇಟಿಗೇ ಹೂಂ ಅನ್ನದೆ ಮೂರು ಕಡೆ ವಿಚಾರಿಸಿ.

ಮಾರಿದ ಮೇಲೆ ನಂಬರ್ ಪ್ಲೇಟ್ ಬಿಚ್ಚಿಟ್ಟುಕೊಳ್ಳಿ, ಡಿಎಂವಿಗೆ ತಿಳಿಸಿ. ಪ್ಲೇಟ್ ಒಪ್ಪಿಸೋ ಮುಂಚೆ ಇನ್ಶೂರೆನ್ಸ್ ನಿಲ್ಲಿಸಿದರೆ ದಂಡ ಬೀಳಬಹುದು. ತಿಳಿಸದೆ ಊರಿಗೆ ಹೋದರೆ ಫೇರ್‌ಫ್ಯಾಕ್ಸ್ ಕೌಂಟಿಯ ಕಾರ್ ಟ್ಯಾಕ್ಸ್ ನಿಮ್ಮ ಹೆಸರಿಗೇ ಬರ್ತಿರತ್ತೆ. ನಾರ್ತ್ ಕ್ಯಾರೊಲೈನಾದ ಗೆಳೆಯರು ಟೈಟಲ್ ಮೇಲಿನ ಸಹಿಯನ್ನು ನೋಟರಿ ಮುಂದೆಯೇ ಮಾಡಬೇಕು.

ಕಡೆಗೊಂದು ಮಾತು. ನಮ್ಮವರಿಗೇ ಮಾರುವಾಗ ಗೊತ್ತಿರೋ ದೋಷವನ್ನು ಬರೆದು ಕೊಡಿ. ಐನೂರು ಡಾಲರ್ ಕಮ್ಮಿ ಬಂದೀತು. ಆದರೆ ನಾಳೆ ಸಂಕ್ರಾಂತಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರಬೇಕಲ್ಲ!