ಇರುಳಾಕಾಶಕ್ಕೆ ಮಿರರ್‌ಲೆಸ್ ಅನಿವಾರ್ಯವಲ್ಲ

ನ್ಯೂಜಿಲೆಂಡಿನ ಇರುಳಾಕಾಶವನ್ನು ಸೆರೆಹಿಡಿಯಲು ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್ ಕೊಳ್ಳಲೇಬೇಕು ಎಂಬ ಪ್ರಕಟಿತ ವಾದ ತಪ್ಪು; ಹಣ ಕೂಡಿಸಿ ಕಲಿಯುತ್ತಿರುವವರಿಗೆ ಅನ್ಯಾಯವೂ ಹೌದು. ಟೆಕಾಪೊ ಸರೋವರವನ್ನು ಒಳಗೊಂಡ ಆವೊರಾಕಿ ಮೆಕೆಂಜಿ ಪ್ರದೇಶ 2012ರಲ್ಲಿ ಅಂತರರಾಷ್ಟ್ರೀಯ ಕತ್ತಲಾಕಾಶ ಮೀಸಲು ಎಂಬ ಮನ್ನಣೆ ಪಡೆಯಿತು. ಅಲ್ಲಿ ನಕ್ಷತ್ರಗಳ ಚಿತ್ರಕ್ಕೆ 15–20 ಸೆಕೆಂಡುಗಳ ಎಕ್ಸ್‌ಪೋಶರ್ ಬೇಕು. ಅಷ್ಟೂ ಹೊತ್ತು ಡಿಎಸ್‌ಎಲ್‌ಆರ್‌ನ ಕನ್ನಡಿ ಮೇಲಕ್ಕೆ ಮಡಚಿಕೊಂಡೇ ಇರುತ್ತದೆ; ಹೀಗಾಗಿ ಅದು ಚಿತ್ರಕ್ಕೆ ಅಡ್ಡಿಯಲ್ಲ. ಲೈವ್ ವ್ಯೂನಲ್ಲಿ ಒಂದು ನಕ್ಷತ್ರವನ್ನು ಹಿಗ್ಗಿಸಿ ಫೋಕಸ್ ಮಾಡಬಹುದು.

ನಿಕಾನ್ ಡಿ850 (2017) ಮತ್ತು ಮಿರರ್‌ಲೆಸ್ ಜೆಡ್7 (2018) ಎರಡೂ 45.7 ಮೆಗಾಪಿಕ್ಸೆಲ್‌ಗಳವು. ಒಂದು ಚಾರ್ಜ್‌ಗೆ ಮೊದಲನೆಯದು 1,840 ಚಿತ್ರ ತೆಗೆದರೆ ಎರಡನೆಯದು 330. ಲೈವ್ ವ್ಯೂ ಬಳಸಿದಾಗ ಮಾತ್ರ ಈ ಅಂತರ ಕುಗ್ಗುತ್ತದೆ.

ಮಿರರ್‌ಲೆಸ್‌ನ ನಿಜವಾದ ಮೇಲುಗೈ ಬೇರೆ ಕಡೆ ಇದೆ. ವೆಲಿಂಗ್ಟನ್‌ನ ಜೀಲಾಂಡಿಯಾದಂಥ ಪಕ್ಷಿಧಾಮದಲ್ಲಿ ನಿಶ್ಶಬ್ದ ಶಟರ್ ಹಕ್ಕಿಯನ್ನು ಬೆದರಿಸದು. ಹೊಸ ಮಾದರಿಗಳು ಅದರ ಕಣ್ಣನ್ನೇ ಗುರುತಿಸಿ ಫೋಕಸ್ ಹಿಡಿದಿಡುತ್ತವೆ. ಎಕ್ಸ್‌ಪೋಶರ್‌ನ ಫಲ ಕ್ಲಿಕ್ಕಿಸುವ ಮೊದಲೇ ವ್ಯೂಫೈಂಡರಿನಲ್ಲಿ ಕಾಣುತ್ತದೆ.

ಹಳೆಯ ಲೆನ್ಸ್‌ಗಳೆಲ್ಲ ಅಡಾಪ್ಟರಿನಲ್ಲಿ ಹಾಗೆಯೇ ನಡೆಯುತ್ತವೆ ಎಂಬ ಭರವಸೆಯೂ ಪೂರ್ತಿ ನಿಜವಲ್ಲ. ನಿಕಾನಿನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಮೋಟಾರ್ ಇಲ್ಲ. ಹೀಗಾಗಿ ಸ್ವಂತ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕು.

ಹಕ್ಕಿ, ಕ್ರೀಡೆ, ವಿಡಿಯೊ ಮುಖ್ಯವಾದವರಿಗೆ ಬದಲಾವಣೆ ಸಾರ್ಥಕ. ಆಕಾಶವಷ್ಟೇ ಗುರಿಯಾದವರು ಅದೇ ಹಣದಲ್ಲಿ ಎಫ್/2.8ರ ಅಗಲ ಕೋನದ ಲೆನ್ಸ್ ಮತ್ತು ಗಟ್ಟಿ ಟ್ರೈಪಾಡ್ ಕೊಳ್ಳುವುದು ಲೇಸು.