ಬೆರೆತದ್ದನ್ನು ಬಿಡಿಸುವ ಬೆಲೆ

ಕಲಾದಗಿಯ ಹೆಸರು ಭೂವಿಜ್ಞಾನಿಗಳ ಗ್ರಂಥಗಳಲ್ಲಿ ಒಂದು ಶಿಲಾಸಮೂಹದ ಹೆಸರಾಗಿ ನಿಂತಿದೆ. ಆ ಸಮೂಹದ ಸುಣ್ಣಗಲ್ಲು ನೂರು ಕೋಟಿ ವರ್ಷಗಳಿಗೂ ಹಳೆಯದು. ನಮ್ಮ ಬಾಗಲಕೋಟೆಯ ಸೀಮೆಯಲ್ಲಿ ಅದು ಸಿಮೆಂಟಿನ ಕುಲುಮೆಯಲ್ಲಿ ಬೇಯುತ್ತದೆ. ಶುದ್ಧವಾದ 100 ಕಿಲೋ ಸುಣ್ಣಗಲ್ಲನ್ನು ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ. ಮಿಕ್ಕ 44 ಕಿಲೋ ಇಂಗಾಲದ ಡಯಾಕ್ಸೈಡ್ ಅನಿಲವಾಗಿ ಕೊಳವಿಯನ್ನೇರಿ ಗಾಳಿಯಲ್ಲಿ ಬೆರೆತುಹೋಗುತ್ತದೆ.

ಬೆರೆಯುವುದಕ್ಕೆ ಯಾರ ನೆರವೂ ಬೇಡ. ಅನಿಲ ನಾಶವಾಗಿಲ್ಲ, ಬೆರೆತ ಮಾತ್ರಕ್ಕೆ ಶಕ್ತಿಯ ಮೊತ್ತವೂ ಕುಗ್ಗಿಲ್ಲ. ಆದರೂ ಹಿಂದಿರುಗಲಾರದಂಥದೇನೋ ನಡೆದಿದೆಯಷ್ಟೆ! ಇಂಥ ಮಾರ್ಪಾಡನ್ನು ಅಳೆಯುವ ಪರಿಮಾಣಕ್ಕೆ ಜರ್ಮನಿಯ ಕ್ಲೌಸಿಯಸ್ 1865ರಲ್ಲಿ ಎಂಟ್ರೊಪಿ ಎಂದು ಹೆಸರಿಟ್ಟನು. ಗ್ರೀಕಿನ ಆ ಮೂಲಪದಕ್ಕೆ ಮಾರ್ಪಾಡು ಎಂದೇ ಅರ್ಥ.

ಕನ್ನಡದಲ್ಲಿ ಇದನ್ನು 'ಅವ್ಯವಸ್ಥೆ' ಎಂದು ವಿವರಿಸುವ ರೂಢಿಯುಂಟು. ಭಾಷೆಯನ್ನು ಬೋಧಿಸುವ ನನಗೆ ಈ ಮಾತು ಸಮ್ಮತವಲ್ಲ. ನಡುವೆ ತಡಿಕೆಯುಳ್ಳ ಪೆಟ್ಟಿಗೆಯೊಂದನ್ನು ಊಹಿಸಿಕೊಳ್ಳಿ. ಒತ್ತಡ, ಉಷ್ಣತೆಗಳು ಎರಡು ಕಡೆಯೂ ಸಮನಾಗಿರಲಿ. ಎರಡು ಬೇರೆ ಅನಿಲಗಳಿದ್ದು ತಡಿಕೆಯನ್ನು ತೆಗೆದರೆ ಎಂಟ್ರೊಪಿ ಹೆಚ್ಚುತ್ತದೆ. ಎರಡು ಕಡೆಯೂ ಒಂದೇ ಅನಿಲವಿದ್ದರೆ ಹೆಚ್ಚುವುದಿಲ್ಲ. ಕಣಗಳ ಚೆಲ್ಲಾಟವೇನೋ ಎರಡರಲ್ಲಿಯೂ ಒಂದೇ. ಅಮೆರಿಕೆಯ ಗಿಬ್ಸ್ 1870ರ ದಶಕದಲ್ಲಿಯೇ ಈ ಭೇದವನ್ನು ವಿಚಾರಿಸಿದ್ದನು. ಗಲಿಬಿಲಿಯೊಂದೇ ಅಳತೆಯಾಗಿದ್ದರೆ ಈ ಭೇದವೇಕೆ ಹುಟ್ಟಬೇಕು? 'ಅವ್ಯವಸ್ಥೆ' ಎಂದಾಗ ಅಂಗಳದ ಕಸ ಕಣ್ಣಿಗೆ ಕಟ್ಟುತ್ತದೆ. ಗುಡಿಸಿದರಾಯಿತೆಂಬ ಸಮಾಧಾನವೂ ಜೊತೆಗೇ ಬರುತ್ತದೆ. ಬೆರಕೆಯ ಎಂಟ್ರೊಪಿಯನ್ನು 'ಬಿಡಿಸಲು ತೆರಬೇಕಾದ ಬೆಲೆ' ಎಂದು ತಿಳಿಸುವುದೇ ಲೇಸು.

ಆ ಬೆಲೆ ಅಲ್ಪವಲ್ಲ. ಇಂದಿನ ಗಾಳಿಯ ಹತ್ತು ಸಾವಿರ ಅಣುಗಳಲ್ಲಿ ಇಂಗಾಲದ ಡಯಾಕ್ಸೈಡಿನವು ನಾಲ್ಕಕ್ಕೆ ತುಸು ಹೆಚ್ಚು. ಕೈಗಾರಿಕೆಯ ಯುಗಕ್ಕೆ ಮೊದಲು ಮೂರೂ ಇರಲಿಲ್ಲ. ಅದರಿಂದ ಒಂದು ಕಿಲೋ ಅನಿಲವನ್ನು ಹೆಕ್ಕಿ ತೆಗೆಯಲು, ಯಂತ್ರ ಎಷ್ಟೇ ನಿಪುಣವಾಗಿದ್ದರೂ, ಕಡಿಮೆಯೆಂದರೆ 440 ಕಿಲೋಜೌಲ್ ಶ್ರಮ ಬೇಕು. ಅಷ್ಟು ಶ್ರಮದಿಂದ ಒಂದು ಕಿಲೋ ಭಾರವನ್ನು ಸುಮಾರು 45 ಕಿಲೋಮೀಟರ್ ಎತ್ತರಕ್ಕೆ ಏರಿಸಬಹುದು! ನಿಜವಾದ ಯಂತ್ರಗಳಿಗೆ ಇದರ ಹಲವು ಪಟ್ಟು ಬೇಕಾಗುತ್ತದೆ. ಕೊಳವೆಯೊಳಗಿನ ಹೊಗೆಯಲ್ಲಿ ಐದರಲ್ಲೊಂದು ಪಾಲು ಈ ಅನಿಲವಿದ್ದರೆ, ಅಲ್ಲಿಯೇ ಹಿಡಿಯುವ ಕನಿಷ್ಠ ಶ್ರಮ ಮೂರನೆಯ ಒಂದು ಪಾಲಿಗೂ ಕಡಿಮೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅನಿಲ ಒಡೆಯುವುದೂ ಇಲ್ಲ. ಸುಮ್ಮನೆ ಬೆರೆತರೂ ಹೋಯಿತು. ಮುಂದಿನವರು ಗಾಳಿಯನ್ನು ಸೋಸಿಕೊಳ್ಳಲಿ ಎಂದು ಇಂದು ಬೆರೆಸುತ್ತ ಹೋಗುವುದು, ಮಕ್ಕಳ ಹೆಸರಿನಲ್ಲಿ ಸಾಲ ಮಾಡಿದಂತೆ. ಹಿಡಿಯುವುದಾದರೆ ಬೆರೆಯುವ ಮುನ್ನವೇ, ಕೊಳವೆಯ ಬಾಯಲ್ಲಿಯೇ ಹಿಡಿಯಬೇಕು.